ನಾಯಿಯೂ ನೆರೆಯವರೂ

ನಮ್ಮ ಕಛೇರಿಗೆ ಬರುವ ಕಾಗದಗಳಲ್ಲಿ ನಾಯಿಗಳ ವಿಷಯವಾದವು ಈಚೆಗೆ ಹೆಚ್ಚಾಗಿವೆ. ಅವುಗಳಲ್ಲಿ ಬಹುಪಾಲು ಬೀದಿನಾಯಿಗಳನ್ನು ಕುರಿತವು. ಸರ್ವೋಚ್ಚ ನ್ಯಾಯಾಲಯವು 2025ನೆಯ ಇಸವಿ ಆಗಸ್ಟ್ 11ರಂದು ದೆಹಲಿಯ ಬೀದಿನಾಯಿಗಳನ್ನು ಹಿಡಿದು ಆಶ್ರಯಗಳಲ್ಲಿ ಇಡಬೇಕೆಂದು ಆಜ್ಞೆಮಾಡಿತು. ಅದೇ ತಿಂಗಳ 22ರಂದು ಆ ಆಜ್ಞೆಯನ್ನು ತಿದ್ದಿ, ಹುಚ್ಚು ಹಿಡಿದವನ್ನೂ ಮೇಲೆ ಬೀಳುವ ಸ್ವಭಾವದವನ್ನೂ ಹೊರತುಪಡಿಸಿ ಮಿಕ್ಕವನ್ನು, ಸಂತಾನಹರಣ ಚಿಕಿತ್ಸೆಯನ್ನೂ ಚುಚ್ಚುಮದ್ದನ್ನೂ ಮಾಡಿಸಿ, ಹಿಡಿದ ಸ್ಥಳದಲ್ಲಿಯೇ ಬಿಡಬೇಕೆಂದು ವಿಧಿಸಿತು. ಅಂದಿನಿಂದ ದೇಶದಲ್ಲೆಲ್ಲ ಇದೇ ಚರ್ಚೆ. ಆದರೆ ಕೊರಳಿಗೆ ಪಟ್ಟಿಯುಳ್ಳ, ಹೆಸರಿಟ್ಟು ಕರೆಯುವ, ಯಜಮಾನನುಳ್ಳ ನಾಯಿಯ ವಿಷಯವಾಗಿ ಬರೆದವರು ಕೆಲವರೇ. ಅವರೂ ಕಾಗದದ ಕೊನೆಯಲ್ಲಿ ತಮ್ಮ ಹೆಸರನ್ನು ಪ್ರಕಟಿಸಬಾರದೆಂದು ಬೇಡಿಕೊಂಡಿರುತ್ತಾರೆ. ಕಾರಣವು ಸ್ಪಷ್ಟವಾಗಿದೆ. ಬೀದಿನಾಯಿಯನ್ನು ದೂರಿದರೆ ಕೇಳುವವನು ನಗರಪಾಲಿಕೆಯ ಗುಮಾಸ್ತ. ನೆರೆಮನೆಯ ನಾಯಿಯನ್ನು ದೂರಿದವನು ಮರುದಿನ ಬೆಳಿಗ್ಗೆ ಅದೇ ಮೆಟ್ಟಿಲಿನಲ್ಲಿ ಅದೇ ಮುಖವನ್ನು ನೋಡಬೇಕಾಗುತ್ತದೆ.

ನಾಯಿಯನ್ನು ಪ್ರೀತಿಸುವುದು ನಮ್ಮ ನಾಡಿಗೆ ಹೊರಗಿನಿಂದ ಬಂದ ಷೋಕಿಯೆಂದು ಹೇಳುವವರುಂಟು. ಅದು ಸರಿಯಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ವೀರಗಲ್ಲನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಲ್ಲಿ ಹೊನ್ನನ್ನು ಬೇಡದೆ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಒಟ್ಟಿಗೆ ಸತ್ತಾಗ, ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಪೂಜೆಗಾಗಿ ಭೂಮಿಯನ್ನೂ ಬಿಡಲಾಯಿತು. ಇನ್ನು ಧರ್ಮರಾಯನ ಕಥೆಯನ್ನು ಹೇಳಬೇಕಾದುದೇ ಇಲ್ಲ. ಆದರೆ ಒಂದು ಭೇದವನ್ನು ಗಮನಿಸಬೇಕು: ಧರ್ಮರಾಯನು ನಾಯಿಗಾಗಿ ತನ್ನ ಸ್ವರ್ಗವನ್ನು ಬಿಡಲು ಸಿದ್ಧನಾದನು; ನಮ್ಮ ಪಟ್ಟಣಗಳ ಕೆಲವು ಧರ್ಮರಾಯರು ನಾಯಿಗಾಗಿ ನೆರೆಯವರ ನಿದ್ರೆಯನ್ನು ಬಿಡಿಸುತ್ತಿದ್ದಾರೆ.

ಹಳ್ಳಿಯ ನಾಯಿಗೆ ಹೊಲವಿತ್ತು, ಕಣವಿತ್ತು, ಕುರಿಮಂದೆಯಿತ್ತು. ಅದರ ಬೊಗಳು ಊರಿಗೆ ಕಾವಲಾಗಿತ್ತು. ಪಟ್ಟಣದಲ್ಲಿ ಒಂದು ಗೋಡೆಗೆ ಎರಡು ಸಂಸಾರಗಳು. ಒಂದು ಲಿಫ್ಟಿಗೆ ನಲವತ್ತು ಸಂಸಾರಗಳು. ಬೆಳಿಗ್ಗೆ ಯಜಮಾನನೂ ಯಜಮಾನಿಯೂ ಕಛೇರಿಗೆ ಹೊರಟ ಮೇಲೆ ಬಾಲ್ಕನಿಯಲ್ಲಿ ಒಂಟಿಯಾಗಿ ಕಟ್ಟಿಹಾಕಿದ ನಾಯಿ ಸಂಜೆಯವರೆಗೆ ಊಳಿಡುತ್ತದೆ. ಅದು ನಾಯಿಯ ತಪ್ಪಲ್ಲ. ಸಂಗಡವಿಲ್ಲದ ಪ್ರಾಣಿ ಕರೆಯುತ್ತದೆ. ಬಹಳ ಹೊತ್ತು ಸರಪಳಿಯಲ್ಲಿ ಕಟ್ಟಿಡುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧವೇ ಆಗಿದೆ. ಆ ಊಳನ್ನು ಕೇಳಬೇಕಾದವರು ಮಾತ್ರ ರಾತ್ರಿ ಪಾಳಿ ಮುಗಿಸಿ ಮಲಗಿದ ನರ್ಸು, ಪರೀಕ್ಷೆಗೆ ಓದುವ ಹುಡುಗ, ಹಾಸಿಗೆ ಹಿಡಿದ ಮುದುಕರು.

ನಾಯಿಯ ಯಜಮಾನರೆಲ್ಲರೂ ಒಂದು ವಾಕ್ಯವನ್ನು ಕಂಠಪಾಠ ಮಾಡಿಕೊಂಡಿರುವಂತೆ ಕಾಣುತ್ತದೆ: "ನಮ್ಮ ನಾಯಿ ಏನೂ ಮಾಡುವುದಿಲ್ಲ." ಪತ್ರಿಕೆ ಹಾಕುವ ಹುಡುಗನ ಮೇಲೆ ನಾಯಿ ಎಗರಿದಾಗಲೂ ಇದೇ ಮಾತು, ಮನೆಗೆಲಸದ ಹೆಂಗಸು ಬಾಗಿಲಲ್ಲಿ ನಡುಗುತ್ತ ನಿಂತಾಗಲೂ ಇದೇ ಮಾತು. ಯಜಮಾನನಿಗೆ ಏನೂ ಮಾಡದ ನಾಯಿ ಅಪರಿಚಿತನಿಗೆ ಏನು ಮಾಡೀತೆಂಬುದನ್ನು ಯಜಮಾನನು ಹೇಳಲಾರನು. ಕಚ್ಚಲಿಲ್ಲವೆಂದೇ ಇಟ್ಟುಕೊಳ್ಳೋಣ, ಆರು ವರ್ಷದ ಮಗುವಿಗೆ ಎದೆಯೆತ್ತರದ ನಾಯಿ ಮುಖದ ಮುಂದೆ ಬಂದು ನಿಂತುದೇ ಸಾಕಾಗುತ್ತದೆ. ಹೊರಗೆ ಬಂದಾಗ ಹಗ್ಗವು ಕೈಯಲ್ಲಿರಬೇಕು, ಆ ಕೈಯಲ್ಲಿ ನಾಯಿಯನ್ನು ಹಿಡಿದು ನಿಲ್ಲಿಸುವಷ್ಟು ಬಲವೂ ಇರಬೇಕು. ದೊಡ್ಡ ಜಾತಿಯ ನಾಯಿಯನ್ನು ಎಂಟು ವರ್ಷದ ಹುಡುಗನ ಕೈಗೆ ಕೊಟ್ಟು ಕಳುಹಿಸುವವರನ್ನು ನಾವು ದಿನವೂ ಕಾಣುತ್ತೇವೆ. ಅಲ್ಲಿ ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆಂಬುದು ತಿಳಿಯದು. ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ತಕ್ಕ ಎಚ್ಚರಿಕೆ ವಹಿಸದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಪ್ರಕರಣದಲ್ಲಿ ಆರು ತಿಂಗಳವರೆಗೆ ಸೆರೆಯೋ 5,000 ರೂಪಾಯಿವರೆಗೆ ದಂಡವೋ ಎರಡೂ ಆಗಬಹುದೆಂಬುದನ್ನು ಇಂಥವರಿಗೆ ತಿಳಿಯಪಡಿಸುತ್ತೇವೆ.

ಇದಕ್ಕಿಂತ ನಮ್ಮ ಮನಸ್ಸನ್ನು ನೋಯಿಸುವ ಸಂಗತಿ ಮತ್ತೊಂದಿದೆ. ಹೊತ್ತು ಮೂಡುವುದಕ್ಕೆ ಮೊದಲು ಯಾವ ಬಡಾವಣೆಯಲ್ಲಿಯಾದರೂ ನಡೆದುಹೋಗಿ ನೋಡಿರಿ. ಮರ್ಯಾದಸ್ಥರು, ಓದುಬಲ್ಲವರು, ನಾಯಿಯನ್ನು ಹಿಡಿದು ತಮ್ಮ ಮನೆಯಿಂದ ಹತ್ತು ಮನೆ ದಾಟಿ, ಪರರ ಗೇಟಿನ ಮುಂದೆ ನಿಂತು, ಆಕಾಶವನ್ನು ನೋಡುತ್ತಾರೆ. ಕೆಲಸ ಮುಗಿದೊಡನೆ ಹಿಂದಿರುಗುತ್ತಾರೆ. ಅರ್ಧ ಗಂಟೆಯ ತರುವಾಯ ಪೌರಕಾರ್ಮಿಕಳು ಬಂದು ಅದನ್ನು ಗುಡಿಸುತ್ತಾಳೆ. ಆಕೆಗೆ ಎಷ್ಟೋ ಕಡೆ ಕೈಗವಸೂ ಇರುವುದಿಲ್ಲ. ಮನುಷ್ಯನ ಮಲವನ್ನು ಮನುಷ್ಯನು ಹೊರಬಾರದೆಂದು ಕಾಯಿದೆ ಮಾಡಿಕೊಂಡಿರುವ ದೇಶದಲ್ಲಿ, ನಾವು ಮುದ್ದಿನಿಂದ ಸಾಕಿದ ನಾಯಿಯ ಮಲವನ್ನು ಬಡವರ ಹೆಣ್ಣುಮಗಳು ಎತ್ತಲೆಂದು ಬಿಟ್ಟುಬರುವುದು ಯಾವ ನ್ಯಾಯ? ಗಾಂಧೀಜಿಯವರು ಅಧ್ಯಕ್ಷರಾಗಿದ್ದ 1924ರ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಮೇಲುಜಾತಿಯ ಸ್ವಯಂಸೇವಕರೇ ಶೌಚದ ಕೆಲಸಕ್ಕೆ ನಿಂತರು. ಒಂದು ಹಳೆಯ ಪತ್ರಿಕೆಯ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಹೊರಡುವುದು ಅದಕ್ಕಿಂತ ಕಷ್ಟವೇನಲ್ಲ. ನಮ್ಮ ಪತ್ರಿಕೆಯ ಹಾಳೆಯೇ ಆದರೂ ನಮ್ಮ ಆಕ್ಷೇಪಣೆಯಿಲ್ಲ. ಸಂಪಾದಕೀಯದ ಪುಟವೂ ಆಗಬಹುದು.

ಚುಚ್ಚುಮದ್ದಿನ ವಿಷಯದಲ್ಲಿ ಮಾತ್ರ ಹಾಸ್ಯಕ್ಕೆ ಎಡೆಯಿಲ್ಲ. ಹುಚ್ಚುನಾಯಿ ರೋಗದ ಲಕ್ಷಣಗಳು ಮನುಷ್ಯನಲ್ಲಿ ಒಮ್ಮೆ ಕಾಣಿಸಿಕೊಂಡರೆ ಮರಣವು ಹೆಚ್ಚು ಕಡಿಮೆ ನಿಶ್ಚಿತ. ಪಾಶ್ಚರ್ ಮಹಾಶಯನು ಇದಕ್ಕೆ ಮದ್ದನ್ನು ಮೊದಲು ಚುಚ್ಚಿದುದು 1885ರಲ್ಲಿ. ದಕ್ಷಿಣದವರಿಗಾಗಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಏರ್ಪಟ್ಟುದು 1907ರಲ್ಲಿ. ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದೆಂದು ಹೆದರುತ್ತಿದ್ದ ಕಾಲವೂ ಹೋಯಿತು. ಈಗ ತೋಳಿಗೆ ಕೆಲವೇ ಚುಚ್ಚುಮದ್ದುಗಳು ಸಾಕು. ಮನುಷ್ಯರಿಗೆ ಈ ರೋಗವು ಬರುವುದು ನೂರರಲ್ಲಿ ತೊಂಬತ್ತೊಂಬತ್ತು ಪಾಲು ನಾಯಿಯ ಮೂಲಕವೇ. ನಾಯಿಗೆ ಮೂರನೆಯ ತಿಂಗಳಿನಲ್ಲಿ ಮದ್ದು ಹಾಕಿಸಿ, ತರುವಾಯ ವರ್ಷಕ್ಕೊಮ್ಮೆ ಪಶುವೈದ್ಯರಲ್ಲಿಗೆ ಕರೆದೊಯ್ದರೆ ಬಾಗಿಲು ಮುಚ್ಚಿದಂತಾಗುತ್ತದೆ. "ನಮ್ಮ ನಾಯಿ ಮನೆಯಿಂದ ಹೊರಗೇ ಹೋಗುವುದಿಲ್ಲ" ಎಂಬ ಸಮಾಧಾನವು ಗೇಟು ತೆರೆದಿರುವ ಒಂದು ಮಧ್ಯಾಹ್ನದವರೆಗೆ ಮಾತ್ರ. ಕಚ್ಚಿದರೆ, ಪರಚಿದರೂ ಸಹ, ಗಾಯವನ್ನು ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸಾಬೂನು ಹಾಕಿ ತೊಳೆದು ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಸುಣ್ಣ, ಅರಿಸಿನ, ಮೆಣಸಿನಪುಡಿ ಹಚ್ಚಿ ಮಂತ್ರ ಹಾಕಿಸುವ ಪದ್ಧತಿ ಇನ್ನೂ ಸತ್ತಿಲ್ಲ; ಅದನ್ನು ನಂಬಿದವರು ಸತ್ತಿದ್ದಾರೆ.

ಬೀದಿನಾಯಿಯ ಪ್ರಶ್ನೆಯೂ ಮನೆಯ ಗೇಟಿನಿಂದಲೇ ಆರಂಭವಾಗುತ್ತದೆ. 2023ರ ಗಣತಿಯಲ್ಲಿ ಬೆಂಗಳೂರಿನ ಬೀದಿನಾಯಿಗಳು ಸುಮಾರು 2.79 ಲಕ್ಷವೆಂದು ತಿಳಿದುಬಂತು. ನಾಯಿ ಗಬ್ಬವಾದರೆ ಎರಡೇ ತಿಂಗಳಲ್ಲಿ ಮರಿಹಾಕುತ್ತದೆ. ಸಂತಾನಹರಣ ಚಿಕಿತ್ಸೆ ಮಾಡಿಸದ ಮನೆಯ ನಾಯಿಯನ್ನು ರಾತ್ರಿ ಬೀದಿಗೆ ಬಿಡುವವನೂ, ಹುಟ್ಟಿದ ಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ಊರಾಚೆ ಬಿಡುವವನೂ ಈ ಲೆಕ್ಕಕ್ಕೆ ತಮ್ಮ ಪಾಲನ್ನು ಸೇರಿಸುತ್ತಾರೆ. ಬೀದಿನಾಯಿಯ ಚಿಕಿತ್ಸೆ ಪೌರಸಂಸ್ಥೆಯ ಹೊಣೆ, ಸಾಕುನಾಯಿಯದು ಯಜಮಾನನ ಹೊಣೆಯೆಂದು 2023ರ ನಿಯಮಗಳು ಬೇರೆಬೇರೆಯಾಗಿಯೇ ಹೇಳಿವೆ. ಹಿಮದ ದೇಶದ ರೋಮಭರಿತ ಹಸ್ಕಿಯನ್ನು ಸಾವಿರಾರು ರೂಪಾಯಿ ಕೊಟ್ಟು ತಂದು, ಬೇಸಗೆಯ ಸೆಕೆಯಲ್ಲಿ ಅದು ಏದುಸಿರು ಬಿಡುವುದನ್ನು ನೋಡಿ ಬೇಸತ್ತು, ವರ್ಗವಾದೊಡನೆ ಬಿಟ್ಟುಹೋಗುವವರನ್ನು ಏನೆನ್ನಬೇಕು? ನಾಯಿಯೇ ಬೇಕಾಗಿದ್ದರೆ ನಮ್ಮ ಬಿಸಿಲಿಗೆ ಒಗ್ಗಿದ ಮುಧೋಳದ ತಳಿಯಿದೆ, ಅದಕ್ಕೆ ಓಡುವಷ್ಟು ಸ್ಥಳವನ್ನು ಕೊಡಬಲ್ಲವರಿಗೆ. ಕೊಡಲಾರದವರಿಗೆ ಬೀದಿಯ ಮರಿಯೇ ಉತ್ತಮ. ಸಾಕಿದ ಪ್ರಾಣಿಯನ್ನು ತ್ಯಜಿಸುವುದಕ್ಕೆ ಕಾಯಿದೆಯಲ್ಲಿ ಮೊದಲ ಸಲದ ದಂಡವು 50 ರೂಪಾಯಿಗೆ ಮೀರುವುದಿಲ್ಲ. 1960ರಲ್ಲಿ ಅದು ಹಣವಾಗಿತ್ತು. ಇದನ್ನು ಇನ್ನೂ ತಿದ್ದದೆ ಇರುವುದು ಶಾಸನಕರ್ತರಿಗೆ ಶೋಭೆ ತರತಕ್ಕದ್ದಲ್ಲ.

ನೆರೆಯವರ ಕಡೆಗೂ ಎರಡು ಮಾತು ಸಲ್ಲಬೇಕು. ನಾಯಿ ಬೊಗಳಿತೆಂದು ಕಲ್ಲೆಸೆಯುವುದರಿಂದ ಬೊಗಳು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ವಿಷವಿಕ್ಕುವವರು ತಾವು ಐದು ವರ್ಷಗಳ ಸೆರೆಗೆ ಅರ್ಹರಾಗುತ್ತಿದ್ದೇವೆಂಬುದನ್ನು ತಿಳಿದಿರಲಿ. ಕೆಲವು ವಸತಿ ಸಂಘಗಳು ನಾಯಿ ಸಾಕುವವರನ್ನೇ ಹೊರಗೆ ಹಾಕುವಂತೆ ನಿರ್ಣಯ ಮಾಡುವುದುಂಟು. ಅಂಥ ನಿರ್ಣಯಗಳು ಕಾನೂನಿನ ಮುಂದೆ ನಿಲ್ಲತಕ್ಕವಲ್ಲ. ಒಂಟಿ ಮುದುಕಿಗೆ ಆ ನಾಯಿಯೇ ಮನೆಯಲ್ಲಿ ಮಾತನಾಡಿಸುವ ಏಕಮಾತ್ರ ಜೀವವಾಗಿರಬಹುದೆಂಬುದನ್ನು ಸಂಘದ ಕಾರ್ಯದರ್ಶಿಗಳು ಎಣಿಸಬೇಕು. ಬೀದಿನಾಯಿಗೆ ಅನ್ನವಿಕ್ಕುವ ಪುಣ್ಯವಂತರೂ ಅದನ್ನು ಮೆಟ್ಟಿಲ ಬಳಿಯಲ್ಲಿಯೂ ಮಕ್ಕಳು ಆಡುವೆಡೆಯಲ್ಲಿಯೂ ಇಕ್ಕದೆ, ಗೊತ್ತುಮಾಡಿದ ಸ್ಥಳದಲ್ಲಿ ಇಕ್ಕುವುದು ನ್ಯಾಯ.

ನಾವು ಹುಡುಗರಾಗಿದ್ದಾಗ ನಮ್ಮ ಮನೆಯ ನಾಯಿ ಎದುರುಮನೆಯವರು ಅಂಗಳದಲ್ಲಿ ಒಣಹಾಕಿದ್ದ ಹಪ್ಪಳಗಳ ಮೇಲೆ ಓಡಾಡಿ ಒಂದು ಬೇಸಗೆಯ ಶ್ರಮವನ್ನೆಲ್ಲ ಹಾಳುಮಾಡಿತು. ಅವರು ಬಾಯಿ ತೆರೆಯುವ ಮೊದಲೇ ನಮ್ಮ ತಂದೆಯವರು ಉದ್ದಿನಹಿಟ್ಟಿನ ಗಂಟನ್ನು ನಮ್ಮ ತಲೆಯ ಮೇಲೆ ಹೊರಿಸಿಕೊಂಡು ಹೋಗಿ, "ಅಮ್ಮಾ, ತಪ್ಪು ನಮ್ಮದು, ನಾಯಿ ಬಿಟ್ಟವನು ಈ ಹುಡುಗ, ಒತ್ತುವುದಕ್ಕೂ ಇವನೇ ಬರುತ್ತಾನೆ" ಎಂದರು. ಎರಡು ದಿನ ಹಪ್ಪಳ ಒತ್ತಿ ನಮ್ಮ ಕೈ ಬಾತಿತು. ಆ ಬೇಸಗೆಯಲ್ಲಿಯೇ ಆ ತಾಯಿ ನಮ್ಮ ನಾಯಿಗೆ ಅನ್ನ ಹಾಕತೊಡಗಿದರು.

ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಬೀದಿಯ ಕಸದ ತೊಟ್ಟಿಗಳನ್ನೆಲ್ಲ ತೆಗೆಸಿದ ಮೇಲೆ, ನಾಯಿಯ ಮಲವನ್ನು ಕಾಗದದಲ್ಲಿ ಎತ್ತಿಕೊಂಡ ಸಜ್ಜನನು ಅದನ್ನು ಎಲ್ಲಿ ಹಾಕಬೇಕೆಂಬುದಕ್ಕೆ ನಗರಪಾಲಿಕೆಯವರಲ್ಲಿ ಈಗ ಉತ್ತರವಿಲ್ಲ. ಜನರು ನಾಯಿಯೊಡನೆ ಅಡ್ಡಾಡುವ ಉದ್ಯಾನಗಳ ಬಾಗಿಲಿನಲ್ಲಿಯೂ ಬಡಾವಣೆಗಳ ತಿರುವುಗಳಲ್ಲಿಯೂ ಮುಚ್ಚಳವುಳ್ಳ ಡಬ್ಬಗಳನ್ನಿಡಿಸಲಿ. ನಾಯಿಗೆ ಲೈಸೆನ್ಸು ಕೊಡುವಾಗ ಚುಚ್ಚುಮದ್ದಿನ ಪತ್ರವನ್ನು ಕಣ್ಣಿಂದ ನೋಡಿಯೇ ಮೊಹರು ಹಾಕಲಿ. ಸೆಪ್ಟೆಂಬರ್ 28ರ ರೇಬಿಸ್ ದಿನದಂದು ಸಭೆ ಕೂಡಿಸಿ ಹಾರ ಹಾಕಿಸಿಕೊಳ್ಳುವುದಕ್ಕೆ ಬದಲಾಗಿ, ಪ್ರತಿ ವಾರ್ಡಿನ ಶಾಲೆಯ ಅಂಗಳದಲ್ಲಿಯೂ ಅಂದು ಒಬ್ಬ ಪಶುವೈದ್ಯರನ್ನು ಮದ್ದಿನ ಪೆಟ್ಟಿಗೆಯೊಡನೆ ಕೂರಿಸಲಿ.