ಬಿಸಿಲ್ಗುದುರೆಯೂ ಕಾವಲಿನ ವಿಜ್ಞಾನವೂ

ಕಲಾ ವಿಭಾಗದ ವಿದ್ಯಾರ್ಥಿಗೆ ಬೆಳಕಿನ ಗೊಡವೆ ಏಕೆಂದು ಕೇಳುವ ಮಿತ್ರರುಂಟು. ಬೆಳಕು ನಮ್ಮನ್ನು ಬಿಟ್ಟರಲ್ಲವೆ, ನಾವು ಅದನ್ನು ಬಿಡುವುದು! ಬೇಸಗೆಯ ನಡುಹಗಲು ಪರಶುರಾಂಪುರದಿಂದ ಚಳ್ಳಕೆರೆಗೆ ಹೋಗುವ ದಾರಿಯಲ್ಲಿ ನೀರು ನಿಂತಂತೆ ತೋರುವುದನ್ನು ಕಾಣದವರು ನಮ್ಮಲ್ಲಿ ಇರಲಾರರು. ನೆಲಕ್ಕೆ ತಾಗಿದ ಗಾಳಿ ಕಾದು ತೆಳುವಾಗುತ್ತದೆ. ಮೇಲಿನದು ಅಷ್ಟು ಕಾಯದು. ಬಾನಿನಿಂದ ಓರೆಯಾಗಿ ಇಳಿದ ಬೆಳಕು ಈ ಪದರಗಳಲ್ಲಿ ಮೆಲ್ಲಮೆಲ್ಲನೆ ಬಾಗಿ, ನೆಲ ಮುಟ್ಟದೆಯೇ ಮೇಲೆದ್ದು ಕಣ್ಣಿಗೆ ಬರುತ್ತದೆ. ನಾವು ನೀರೆಂದು ಬಗೆದದ್ದು ಆಕಾಶದ ತುಂಡು.

ಎರಡು ಮಾಧ್ಯಮಗಳು ಕೂಡುವ ಎಲ್ಲೆಯಲ್ಲಿ ವಿದ್ಯುತ್ಕಾಂತ ತರಂಗದ ಒಂದು ಪಾಲು ಹಿಂದಿರುಗುತ್ತದೆ, ಒಂದು ಪಾಲು ಬಾಗಿ ಒಳಹೋಗುತ್ತದೆ. ತರಂಗದ ನಡೆಯನ್ನು ವಸ್ತುವಷ್ಟೇ ಅಲ್ಲ, ಅದರ ರಚನೆಯೂ ಬದಲಿಸಬಲ್ಲದು. 1898ರಲ್ಲಿ ಜಗದೀಶಚಂದ್ರ ಬೋಸರು ಸೆಣಬಿನ ನಾರಿನ ಕಟ್ಟುಗಳಿಗೆ ಹುರಿ ಹಾಕಿ ಅವುಗಳ ಮೂಲಕ ವಿದ್ಯುತ್ತರಂಗಗಳನ್ನು ಹಾಯಿಸಿದರು. ಬಲಹುರಿಯ ಕಟ್ಟು ತರಂಗದ ಕಂಪನತಲವನ್ನು ಒಂದು ಕಡೆಗೆ ತಿರುಗಿಸಿತು, ಎಡಹುರಿಯದು ಮತ್ತೊಂದು ಕಡೆಗೆ. ನಾರು ಅದೇ, ಹುರಿ ಮಾತ್ರ ಬೇರೆ. ಕಂಬಳಿಗೆ ನೂಲು ತೆಗೆಯುವ ನಮ್ಮ ಸೀಮೆಯ ತಾಯಂದಿರಿಗೆ ಇದನ್ನು ವಿವರಿಸಲು ಇಂಗ್ಲಿಷು ಬೇಕಿಲ್ಲ. ಮುಂದೆ 1960ರ ದಶಕದಲ್ಲಿ ರಷ್ಯದ ವೆಸೆಲಾಗೋ, ತರಂಗವು ವಾಡಿಕೆಗೆ ವಿರುದ್ಧವಾಗಿ ಲಂಬರೇಖೆಯ ಅದೇ ಪಕ್ಕಕ್ಕೆ ಬಾಗುವ ವಸ್ತುವನ್ನು ಬರಿಯ ಲೆಕ್ಕದಲ್ಲಿ ಕಂಡರು. ಅಮೆರಿಕದವರು 2001ರಲ್ಲಿ ತಾಮ್ರದ ಪುಟ್ಟ ಉಂಗುರಗಳನ್ನೂ ತಂತಿಗಳನ್ನೂ ಸಾಲಾಗಿ ಜೋಡಿಸಿ, ಸೂಕ್ಷ್ಮತರಂಗಗಳಿಂದ ಅದನ್ನು ಪ್ರಯೋಗದಲ್ಲಿ ತೋರಿಸಿದರು.

ಇವೆಲ್ಲ ದೂರದ ಮಾತೆನ್ನುವಂತಿಲ್ಲ. ನಮ್ಮ ತಾಲ್ಲೂಕಿನ ಪರೀಕ್ಷಾ ನೆಲೆಯಿಂದಲೇ 2022ರ ಜುಲೈ 1ರಂದು ಮೈಯೆಲ್ಲ ರೆಕ್ಕೆಯಾದ ಮಾನವರಹಿತ ವಿಮಾನವೊಂದು ಹಾರಿತು. ರೇಡಾರ್ ತರಂಗವನ್ನು ಬಂದ ದಾರಿಗೇ ಮರಳಿಸದೆ ಅತ್ತಿತ್ತ ಚೆದುರಿಸಲು ಅಂಥ ಆಕಾರ ಅನುಕೂಲ. ಅದು ಹಾರಿದ ನೆಲ, ದನಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲು. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಗೂ ಸುಮಾರು 1500 ಎಕರೆ ದೊರೆತಿದೆ. ಅಲ್ಲಿ ಶಾಲಾ ಅಧ್ಯಾಪಕರಿಗೆ ತರಬೇತಿ ನಡೆಯುವುದು ಮೆಚ್ಚತಕ್ಕದ್ದೇ. ಆದರೆ ಅಷ್ಟು ಸಾಲದೆಂಬುದು ನನ್ನ ಅಭಿಪ್ರಾಯ. ಹುಲ್ಲುಗಾವಲನ್ನು ಕಳೆದುಕೊಂಡ ಕುರಿಗಾಹಿಗೆ ಅಲ್ಲಿ ನಡೆಯುವ ವಿದ್ಯೆಯ ತಿರುಳನ್ನು ಅವನ ನುಡಿಯಲ್ಲಿ ಹೇಳುವುದು ಉಪಕಾರವಲ್ಲ, ಋಣ. ದೇಶರಕ್ಷಣೆಯ ಗುಟ್ಟನ್ನು ಯಾರೂ ಕೇಳುತ್ತಿಲ್ಲ. ಅಲೆ ಏಕೆ ಬಾಗುತ್ತದೆಂಬುದು ಗುಟ್ಟೇನೂ ಅಲ್ಲ.

ವಿಜ್ಞಾನಿಗಳಿಗೆ ವಿಷಯ ಗೊತ್ತು, ಕನ್ನಡ ಓದುವ ನಮಗೆ ಜನರ ಮಾತು ಗೊತ್ತು. ಇಬ್ಬರೂ ಕೂಡಿ ಸಂತೆಯ ದಿನ ಒಂದು ಗಂಟೆ ಜನರೆದುರು ನಿಂತರೆ ಆಗದೆ? ಮೊದಲ ದಿನಕ್ಕೆ ಒಂದು ಬೋಗುಣಿ ನೀರು, ಒಂದು ರೂಪಾಯಿ ನಾಣ್ಯ, ಒಂದು ಕನ್ನಡಿ ಇದ್ದರೆ ಸಾಕು.