ಹಣ್ಣಿನ ಚಹಾಕ್ಕೆ ಪ್ಯಾಕೆಟ್ ಯಾಕ್ರೀ?

ಪೀಚ್ ಹಣ್ಣನ್ನು ನಮ್ಮಲ್ಲಿ ಎಷ್ಟು ಮಂದಿ ಕಣ್ಣಾರೆ ನೋಡಿದ್ದೀವಿ? ಆದರೂ ಪೀಚ್ ಚಹಾದ ಪ್ಯಾಕೆಟ್ ಹಾಸ್ಟೆಲಿನ ಎರಡು-ಮೂರು ರೂಮಿನಲ್ಲಾದರೂ ಸಿಗುತ್ತದೆ. ಅದನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ ನೋಡ್ರಿ. ಎಷ್ಟೋ ಪ್ಯಾಕೆಟ್‌ಗಳಲ್ಲಿ ಚಹಾಪುಡಿ ಇರುತ್ತದೆ, ಫ್ಲೇವರ್ ಇರುತ್ತದೆ, ಹಣ್ಣು ಮಾತ್ರ ಇರೋದಿಲ್ಲ. ಇನ್ನು ಕೆಲವುದರಲ್ಲಿ ಒಣಹಣ್ಣಿನ ಚೂರು, ದಾಸವಾಳ ಎಲ್ಲಾ ಇದ್ದು ಚಹಾದ ಎಲೆಯೇ ನಾಪತ್ತೆ. ಬರೀ ವಾಸನೆಗೆ ಕೊಡುವ ಆ ರೊಕ್ಕದಲ್ಲಿ ರಾಣೆಬೆನ್ನೂರಿನ ಸಂತೆಯಲ್ಲಿ ಕೈಚೀಲದ ತುಂಬ ಪೇರಲ ಬರುತ್ತದೆ. ನಮ್ಮ ತಕರಾರು ಇಷ್ಟೇ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಗೆಳೆಯರ ಮನೆಗಳಲ್ಲಿ ಮಾಡಿ, ಕುಡಿದು ನೋಡಿಯೇ ಇದನ್ನು ಬರೆಯುತ್ತಿದ್ದೇವೆ. ಮೊದಲ ವಿರೋಧ ಬಂದದ್ದು ಅಡುಗೆಮನೆಯಿಂದ: “ಚಾ ಅಂದ್ರ ಹಾಲು ಬೇಕಪಾ, ಇದೇನು ಕಷಾಯ ಮಾಡಾಕತ್ತೀರಿ?” ಆದರೆ ಹುಳಿ ಹಣ್ಣಿಗೂ ಹಾಲಿಗೂ ಆಗಿಬರೋದಿಲ್ಲ. ಪಿಎಚ್ 4.6ರ ಹತ್ತಿರಕ್ಕೆ ಇಳಿದರೆ ಹಾಲಿನ ಕೇಸೀನ್ ಗಟ್ಟಿಯಾಗಿ ಬೇರೆಯಾಗುತ್ತದೆ. ಬಿಸಿ ಹಾಲಾದರೆ ಅಷ್ಟು ದೂರವೂ ಕಾಯುವುದಿಲ್ಲ, ಒಡೆದೇ ಹೋಗುತ್ತದೆ.

ಹಾಲು ಬಿಟ್ಟ ಮೇಲೆ ಚಹಾ ಮಾಡುವ ರೀತಿಯೂ ಬದಲಾಗಬೇಕು. ನಮ್ಮ ಮನೆಗಳ ಪುಡಿ ಹೆಚ್ಚಾಗಿ ಸಿಟಿಸಿ, ಅಂದರೆ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತಿದ ಕಾಳು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಹುಟ್ಟಿದ ಯಂತ್ರದ ಕೆಲಸ ಅದು. ಹಾಲು-ಸಕ್ಕರೆಗೆ ಜಗ್ಗದಷ್ಟು ಗಡಸು. ಹಾಲಿಲ್ಲದೆ ಕುದಿಸಿದರೆ ಬರೀ ಒಗರು. ಹಾಗಾಗಿ ನೀರು ಕುದಿದ ಕೂಡಲೇ ಒಲೆ ಆರಿಸಿ, ಲೋಟಕ್ಕೆ ಅರ್ಧ ಚಮಚ ಪುಡಿ ಹಾಕಿ, ಎರಡು ನಿಮಿಷ ಮುಚ್ಚಿಟ್ಟು ಸೋಸಿಬಿಡಿ. ಹಣ್ಣು ಆಮೇಲೆ. ಹಣ್ಣನ್ನೇ ಕುದಿಸಿದರೆ ಪರಿಮಳ ಹಬೆಯ ಜೊತೆ ಹೋಗಿ ಅಡುಗೆಮನೆ ಘಮ್ಮೆನ್ನುತ್ತದೆ, ಲೋಟ ಸಪ್ಪಗಿರುತ್ತದೆ. ಪಾತ್ರೆ ಸ್ಟೀಲಿನದೇ ಇರಲಿ, ಹುಳಿಗೆ ಅಲ್ಯುಮಿನಿಯಂ ಬೇಡ.

ಲಿಂಬೆ ಎಲ್ಲರಿಗೂ ಗೊತ್ತಿದ್ದದ್ದೇ. ನಾಲ್ಕು ಹನಿ ಬಿದ್ದರೆ ಕಡುಗೆಂಪು ಚಹಾ ಹೊಂಬಣ್ಣಕ್ಕೆ ತಿರುಗುತ್ತದೆ. ಅದು ನೀರಾಗಿದ್ದಲ್ಲ, ಚಹಾದ ಬಣ್ಣದ ಅಂಶಗಳು ಆಮ್ಲ ಕಂಡರೆ ತಿಳಿಯಾಗುತ್ತವೆ, ಲಿಟ್ಮಸ್‌ನ ತಮ್ಮ ಇದ್ದಂಗ.

ನಮ್ಮ ಮತ ಮಾತ್ರ ಪೇರಲಕ್ಕೆ. ಚೆನ್ನಾಗಿ ಮಾಗಿದ್ದನ್ನು ತೆಳ್ಳಗೆ ಹೆಚ್ಚಿ, ಸೋಸಿದ ಬಿಸಿ ಚಹಾ ಸುರಿದು ಐದು ನಿಮಿಷ ಮುಚ್ಚಿಟ್ಟರೆ ಸಾಕು. ಬ್ಯಾಡಗಿಯ ಗೆಳೆಯರು ಅದಕ್ಕೆ ಬೀಜ ತೆಗೆದ ಅರ್ಧ ಒಣಮೆಣಸಿನಕಾಯಿ ಹಾಕಿದರು. ನಗಬೇಡ್ರಿ! ಸಾಲಿ ಮುಂದೆ ಪೇರಲಕ್ಕೆ ಉಪ್ಪು-ಖಾರ ಹಚ್ಚಿಕೊಂಡು ತಿಂದ ನಾಲಿಗೆಗೆ ಇದೇನು ಹೊಸದಲ್ಲ. 2011ರಲ್ಲಿ ಜಿಐ ಮಾನ್ಯತೆ ಪಡೆದ ಈ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ಆದ್ದರಿಂದ ಚಹಾ ಕೆಂಪೇರುವುದಿಲ್ಲ. ಗಂಟಲಲ್ಲಿ ಸಣ್ಣಗೆ ಬೆಚ್ಚಗಾಗುತ್ತದೆ ಅಷ್ಟೇ. ಮಾವಿನ ವಿಷಯದಲ್ಲಿ ನಮ್ಮೊಳಗೇ ಜಗಳ. ಹಾನಗಲ್ಲಿನ ಆಪೂಸನ್ನು ಬಿಸಿನೀರಿಗೆ ಹಾಕೋದು ಪಾಪ ಅಂತ ಬಹುಮತ.

ಚಹಾ ನಮ್ಮ ಜಿಲ್ಲೆಯ ಬೆಳೆಯೇ ಅಲ್ಲ, ನಮ್ಮದು ಅನ್ನಲು ಏನು ಹಕ್ಕು ಅಂತ ಒಬ್ಬರು ಕೇಳಿದರು. ಹಾವೇರಿಯಲ್ಲಿ ಏಲಕ್ಕಿ ಬೆಳೆಯುತ್ತದೇನು? ಕಾಯಿ ಬರುವುದು ಮಲೆನಾಡಿನಿಂದ. ಹಾರ ಪೋಣಿಸಿ ಹೆಸರು ಮಾಡಿದ್ದು ಇಲ್ಲಿಯ ಕೈಗಳು. 2023ರ ಜನವರಿಯಲ್ಲಿ 86ನೇ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲಿ ನಡೆದಾಗಲೂ ಇದು ಏಲಕ್ಕಿ ಕಂಪಿನ ನಾಡೇ ಆಗಿತ್ತು.

ಅಂದಹಾಗೆ, ಕಾಳು ಪಾಯಸಕ್ಕೆ ಹೋದ ಮೇಲೆ ಏಲಕ್ಕಿ ಸಿಪ್ಪೆ ಎಸೆಯಬೇಡಿ. ನೀರು ಕಾಯುವಾಗಲೇ ಹಾಕಿ. ಈ ಸಲದ ರಾಜ್ಯೋತ್ಸವಕ್ಕೆ ಸಂಘದ ಸ್ಟಾಲಿನಲ್ಲಿ ಪೇರಲ ಚಹಾ ಇಡೋಣ ಅಂತಿದ್ದೇವೆ, ಕಪ್ಪಿಗೆ 10 ರೂಪಾಯಿ. ಮೆಣಸಿನಕಾಯಿ ಬೇಕೋ ಬೇಡವೋ, ಮೊದಲೇ ಹೇಳಬೇಕು.