ಹೇಳಿದ ಮಾತು ಕೇಳದವರು ಯಾರು?

ಅರಕಲಗೂಡು ತಾಲ್ಲೂಕಿನ ನಮ್ಮೂರಿಗೆ ಹೋದಾಗ ದೊಡ್ಡವ್ವನ ಮನೆಯ ಮೂಲೆಯಲ್ಲಿ ಆಕ್ಸಿಜನ್ ಮೆಷಿನ್ನಿನ ಮೇಲೆ ಹಳೇ ಸೀರೆ ಹೊದಿಸಿತ್ತು. ‘ಯಾಕೆ ದೊಡ್ಡವ್ವ, ಹಾಕ್ಕಂಡಿಲ್ವಾ?’ ಅಂದೆ. ‘ರಾತ್ರಿ ಎರಡು ಗಂಟೆ ಹಾಕ್ಕತೀನಿ ಕಣ್ ಮಗ. ಮೀಟ್ರು ಓಡೋದು ನೋಡಿದ್ರೇ ಉಸ್ರು ಕಟ್ತದೆ’ ಅಂದಳು.

ದೊಡ್ಡವ್ವ ಒಂದು ದಿನವೂ ಬೀಡಿ ಸೇದಿದವಳಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಸೌದೆ ತುಂಬಿದವಳು, ಮನೆಯ ಒಲೆಗೆ ತೆಂಗಿನ ಗರಿ ಇಟ್ಟು ಊದಿದವಳು. ಈಗ ಶ್ವಾಸಕೋಶ ಸೋತಿದೆ. ಆಸ್ಪತ್ರೆಯಿಂದ ಬರುವಾಗ ಕೊಟ್ಟ ಇಂಗ್ಲಿಷ್ ಚೀಟಿಯಲ್ಲಿ ಎರಡು ಸಾಲಿದ್ದವು: ದಿನಕ್ಕೆ 15 ಗಂಟೆ ಆಕ್ಸಿಜನ್, ರಾತ್ರಿ ಮಲಗುವಾಗ ಬೈಪ್ಯಾಪ್. ಮುಂದಿನ ಭೇಟಿಯಲ್ಲಿ ಮೂರನೆಯ ಸಾಲು ಸೇರಿತು: ‘ಪೂರ್ ಕಂಪ್ಲೈಯನ್ಸ್’. ಅಂದರೆ, ಈಕೆ ಹೇಳಿದ ಮಾತು ಕೇಳುವುದಿಲ್ಲ.

ನನ್ನ ಜಗಳ ಆ ಮೂರನೆಯ ಸಾಲಿನ ಜೊತೆ.

ಮೊದಲೆರಡು ಸಾಲುಗಳ ಬಗ್ಗೆ ನನಗೆ ತಕರಾರಿಲ್ಲ. 15 ಗಂಟೆ ಎಂಬುದು ಯಾರೋ ಬಾಯಿಗೆ ಬಂದಂತೆ ಹೇಳಿದ ಲೆಕ್ಕವಲ್ಲ. ರಕ್ತದಲ್ಲಿ ಆಮ್ಲಜನಕ ತೀರ ಕಡಿಮೆಯಾದವರು ದಿನದ ಬಹುಪಾಲು ಅದನ್ನು ತೆಗೆದುಕೊಂಡರೆ ಹೆಚ್ಚು ಕಾಲ ಬದುಕುತ್ತಾರೆಂದು 1980ರಲ್ಲಿ ಅಮೆರಿಕದ, 1981ರಲ್ಲಿ ಬ್ರಿಟನ್ನಿನ ಅಧ್ಯಯನಗಳು ತೋರಿಸಿದವು. ಇನ್ನು ಬೈಪ್ಯಾಪ್, ಗಂಟಲಿಗೆ ಕೊಳವೆ ಹಾಕದೆ ಮುಖವಾಡದಿಂದಲೇ ಉಸಿರು ತಳ್ಳುವ ಯಂತ್ರ. ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಉಳಿದುಬಿಡುವ ರೋಗಿಗಳಿಗೆ ಮನೆಯ ಆಕ್ಸಿಜನ್ ಜೊತೆ ಇದನ್ನೂ ಕೊಟ್ಟು ನೋಡಿದ ಬ್ರಿಟನ್ನಿನ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಮತ್ತೆ ಆಸ್ಪತ್ರೆ ಸೇರುವ ಅಥವಾ ಸಾಯುವ ಹೊತ್ತು ಅದರಲ್ಲಿ 1.4 ತಿಂಗಳಿಂದ 4.3 ತಿಂಗಳಿಗೆ ಮುಂದೆ ಹೋಗಿತ್ತು. ಹೀಗೆ ಬಂದ ತಿಳಿವನ್ನು ಒಟ್ಟುಗೂಡಿಸಿದ್ದೇ ವೈದ್ಯಕೀಯ ಮಾರ್ಗಸೂಚಿ. ‘ಅದೆಲ್ಲ ಫಾರಿನ್ನಿನವರಿಗೆ’ ಎಂದು ಮೂಗು ಮುರಿಯುವವರ ಜೊತೆ ನಾನಿಲ್ಲ. ದೊಡ್ಡವ್ವನ ಶ್ವಾಸಕೋಶಕ್ಕೆ ಬೇರೆ ವಿಜ್ಞಾನವಿಲ್ಲ.

ಆದರೆ ಮಾರ್ಗಸೂಚಿ ರೋಗಿಗೆ ಮಾತ್ರ ಹೇಳಿದ್ದಲ್ಲ. ಮನೆಯವರಿಗೆ ಯಂತ್ರ ಬಳಸುವುದನ್ನು ಕಲಿಸಿ, ಕರೆಂಟು ಹೋದರೆ ಏನೆಂದು ಮೊದಲೇ ಗೊತ್ತುಮಾಡಿ, ಕೊಳವೆಯನ್ನು ಬೆಂಕಿಯಿಂದ ದೂರವಿಡಿಸಿ, ಯಂತ್ರ ಕೆಟ್ಟರೆ ಯಾರನ್ನು ಕರೆಯಬೇಕೆಂದು ತಿಳಿಸಿ ಎನ್ನುವುದೂ ಅದರ ಪಾಠವೇ. ಕಾಯಿಲೆ ಉಲ್ಬಣಿಸಿ ಇಳಿದ 2ರಿಂದ 4 ವಾರಗಳ ಮೇಲೆ ರಕ್ತದ ಅನಿಲಗಳನ್ನು ಮತ್ತೆ ಪರೀಕ್ಷಿಸಿ, ಬೈಪ್ಯಾಪ್ ನಿಜಕ್ಕೂ ಬೇಕೇ ಎಂದು ನಿರ್ಧರಿಸಿ ಎಂದು 2020ರ ಅಮೆರಿಕನ್ ಮಾರ್ಗಸೂಚಿ ಸೂಚಿಸುತ್ತದೆ. ಇವೆಲ್ಲ ವ್ಯವಸ್ಥೆಗೆ ಹೇಳಿದ ಮಾತುಗಳು. ದೊಡ್ಡವ್ವನ ಮನೆಯಲ್ಲಿ ಒಲೆಗೂ ಮಂಚಕ್ಕೂ ನಡುವೆ ಗೋಡೆಯೇ ಇಲ್ಲ. ಅದನ್ನು ಯಾರೂ ಕೇಳಲಿಲ್ಲ. ಹಾಗಾದರೆ ಮಾತು ಕೇಳದವರು ಯಾರು?

ಕರೆಂಟಿನ ಲೆಕ್ಕವನ್ನೇ ನೋಡಿ. ಆಕ್ಸಿಜನ್ ಮೆಷಿನ್ 350 ವ್ಯಾಟಿನದು ಎಂದಿಟ್ಟುಕೊಳ್ಳೋಣ. ದಿನಕ್ಕೆ 15 ಗಂಟೆ ಓಡಿದರೆ ಐದೂಕಾಲು ಯೂನಿಟ್, ತಿಂಗಳಿಗೆ ಸುಮಾರು 157. ಗೃಹಜ್ಯೋತಿ 2023ರಲ್ಲಿ ಬಂದಾಗ, ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಅಷ್ಟನ್ನು ಉಚಿತ ಎಂದರು. ಅದರಾಚೆಯದಕ್ಕೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ತಿಂಗಳಿಗೆ 50 ಯೂನಿಟ್ ಉರಿಸುತ್ತಿದ್ದ ಬಡ ಮನೆಗೆ ಈ ಮೆಷಿನ್ ಬಂದರೆ 207. ದೀಪಕ್ಕೆ, ಫ್ಯಾನಿಗೆ ಸಿಗುತ್ತಿದ್ದ ಉಚಿತವೂ ಹೋಯಿತು. ಯೋಜನೆ ಮಾಡಿದವರಿಗೆ ಕೆಟ್ಟ ಉದ್ದೇಶವಿತ್ತು ಎನ್ನುತ್ತಿಲ್ಲ. ಮನೆಯಲ್ಲಿ ಕರೆಂಟಿನಿಂದ ಉಸಿರಾಡುವವರು ಇದ್ದಾರೆ ಎಂಬುದು ಆ ಲೆಕ್ಕದಲ್ಲಿಲ್ಲ, ಅಷ್ಟೆ. ಇಂಗ್ಲೆಂಡಿನಲ್ಲಿ ಮನೆಯ ಆಕ್ಸಿಜನ್ ಮೆಷಿನ್ ಉರಿಸುವ ಕರೆಂಟಿನ ಹಣವನ್ನು ರೋಗಿಗೆ ಹಿಂದಿರುಗಿಸುತ್ತಾರೆ. ಅಷ್ಟು ದೂರವೇಕೆ, ಪಕ್ಕದ ಕೇರಳದಲ್ಲೇ ಮನೆಯಲ್ಲಿ ಜೀವರಕ್ಷಕ ಯಂತ್ರ ಬಳಸುವ ಬಡ ರೋಗಿಗಳಿಗೆ ಉಚಿತ ವಿದ್ಯುತ್ತಿನ ಏರ್ಪಾಡಿದೆ.

‘ಐಸಿಯುಗೇ ದುಡ್ಡಿಲ್ಲ, ಮನೆಮನೆಗೆ ಮೆಷಿನ್ನೇ?’ ಎನ್ನಬಹುದು. ಕೋವಿಡ್ ಕಾಲದಲ್ಲಿ ಪಿಎಂ ಕೇರ್ಸ್‌ನಿಂದ 50,000 ವೆಂಟಿಲೇಟರುಗಳಿಗೆ 2,000 ಕೋಟಿ ರೂಪಾಯಿ ಎಂದು ಘೋಷಿಸಿದ ದೇಶ ನಮ್ಮದು. ನಮಗೆ ಯಂತ್ರ ಎಣಿಸಲು ಬರುತ್ತದೆ, ಯಂತ್ರದ ಜೊತೆ ಬದುಕುವವರನ್ನು ಎಣಿಸಲು ಬರುವುದಿಲ್ಲ. ಮನೆಯಲ್ಲಿ ಉಸಿರು ನಿಲ್ಲದಂತೆ ನೋಡಿಕೊಳ್ಳದಿದ್ದರೆ ಅದೇ ರೋಗಿ ಮತ್ತೆ ಅದೇ ಐಸಿಯುಗೆ ಬರುತ್ತಾರೆ, ಖರ್ಚು ಇಮ್ಮಡಿಯಾಗುತ್ತದೆ. ಆಯುಷ್ಮಾನ್ ಭಾರತ್ ಯೋಜನೆ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ 15 ದಿನಗಳ ಖರ್ಚನ್ನು ಒಪ್ಪುತ್ತದೆ. ದೊಡ್ಡವ್ವನಿಗೆ ಬೇಕಿರುವುದು 15 ದಿನವಲ್ಲ, ದಿನಕ್ಕೆ 15 ಗಂಟೆ, ಬದುಕಿರುವಷ್ಟು ದಿನ.

2025ರ ಜನವರಿ 30ರಂದು ರಾಜ್ಯದ ಆರೋಗ್ಯ ಇಲಾಖೆ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುತ್ತೋಲೆ ಹೊರಡಿಸಿತು. ಚೇತರಿಕೆಯ ಆಸೆಯಿಲ್ಲದವರ ಜೀವರಕ್ಷಕ ಚಿಕಿತ್ಸೆಯನ್ನು ಯಾರು, ಹೇಗೆ ನಿರ್ಧರಿಸಿ ನಿಲ್ಲಿಸಬೇಕು ಎಂದು ಅದು ಹೇಳುತ್ತದೆ. ಒಳ್ಳೆಯ ಕೆಲಸ. ಆದರೆ ಬೇಡ ಎನ್ನುವ ಹಕ್ಕಿಗೆ ಅರ್ಥ ಬರಬೇಕಾದರೆ ಬೇಕು ಎಂದಾಗ ಸಿಗಬೇಕು. ಬಿಲ್ಲಿಗೆ ಹೆದರಿ ಮೆಷಿನ್ ಆರಿಸುವುದು ಘನತೆಯ ಆಯ್ಕೆಯಲ್ಲ.

1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಬಂದಾಗ ಯಂತ್ರಗಳು ಸಾಲಲಿಲ್ಲ. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ಕೈಯಲ್ಲಿ ಚೀಲ ಒತ್ತಿ ರೋಗಿಗಳಿಗೆ ಉಸಿರು ಕೊಟ್ಟರು. ಅಲ್ಲಿಂದ ಬೆಳೆದದ್ದು ಇವತ್ತಿನ ಐಸಿಯು. ವೆಂಟಿಲೇಟರ್ ಎಂದರೆ ಮೊದಲಿಗೆ ಮನುಷ್ಯರ ಏರ್ಪಾಡು.

ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಿಂದ ಅಲ್ಲಿಗೆ ಸುಮಾರು 30ರಿಂದ 40 ಕಿಲೋಮೀಟರ್. ಏದುಸಿರು ಬಿಡುವವರಿಗೆ ಅದು ದೂರವೇ. ಈ ಮೂರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಎರವಲು ಕೊಡುವ ಮೆಷಿನ್‌ಗಳು, ಕೆಟ್ಟರೆ ಫೋನ್ ಎತ್ತುವ ಒಬ್ಬರು, ಮನೆಗೆ ಹೋಗಿ ನೋಡಿ ಬರುವ ಒಬ್ಬರು ಇರಲಿ. ಬಿಡುಗಡೆಯ ಚೀಟಿ ಕನ್ನಡದಲ್ಲಿರಲಿ. ಉಸಿರಿನ ಮೆಷಿನ್ ಇರುವ ಮನೆಯ ಮೀಟರಿಗೆ ಬೇರೆ ಲೆಕ್ಕವಿರಲಿ.

ಇಷ್ಟಾದ ಮೇಲೂ ದೊಡ್ಡವ್ವ ಮೆಷಿನ್ನಿಗೆ ಸೀರೆ ಹೊದಿಸಿದರೆ, ಆಗ ಬರೆಯಿರಿ ಮೂರನೆಯ ಸಾಲು. ನಾನೇ ಹೋಗಿ ಬೈದು ಬರುತ್ತೇನೆ.